ಬೋರ್ ಒಂದೇ ಇದ್ದರೂ ಕಾರ್ತೂಸು ಒಂದೇ ಅಲ್ಲ: ಮನೆಯ ಹಳೇ ಬಂದೂಕು ತೆಗೆಯೋ ಮುಂಚೆ ಓದಿ

ಬೀದರ್: 2025ರ ಜನವರಿ 16ರಂದು ನಗರದ ಶಿವಾಜಿ ಚೌಕ್ ಹತ್ತಿರ ಎಟಿಎಂಗೆ ಹಣ ತುಂಬುವ ಸಿಬ್ಬಂದಿ ಮೇಲೆ ಹಾಡಹಗಲೇ ಗುಂಡು ಹಾರಿಸಿ ದರೋಡೆ ಮಾಡಿದ್ದನ್ನು ಯಾರೂ ಮರೆತಿಲ್ಲ. ಒಂದು ಜೀವ ಹೋಯಿತು. ಅವತ್ತಿನಿಂದ ವ್ಯಾಪಾರಿಗಳು ಕೂತಲ್ಲಿ ಬಂದೂಕಿನ ಮಾತು ಬರ್ತಾನೇ ಇದೆ. ಲೈಸೆನ್ಸ್ ಸಿಗ್ತದೇನ್ರಿ ಅಂತ ಕೇಳೋರು ಬಹಳ. ಮನೆಯಲ್ಲಿರೋ ಅಜ್ಜನ ಕಾಲದ ಬಂದೂಕಿಗೆ ಯಾವ ಕಾರ್ತೂಸು ಅಂತ ಕೇಳೋರು ಕಮ್ಮಿ.

ಭಾಲ್ಕಿಯ ಒಬ್ಬ ಅಂಗಡಿಯವರು ತಮ್ಮ ಡಬಲ್ ಬ್ಯಾರಲ್ ತೋರಿಸಿದರು. ಪಕ್ಕದಲ್ಲಿ ಎರಡು ಡಬ್ಬಿ ಕಾರ್ತೂಸು. "ಎರಡೂ ಬಾರಾ ಬೋರ್ ಅದಾವ, ಯಾವ್ದು ಹಾಕಿದ್ರೇನು?" ಅಂದರು. ತಪ್ಪು ಇರೋದೇ ಇಲ್ಲಿ.

12 ಬೋರ್ ಅನ್ನೋದು ನಳಿಗೆಯ ಅಗಲ ಮಾತ್ರ. ಕಾರ್ತೂಸಿಗೆ ಉದ್ದವೂ ಇದೆ: 65 ಮಿ.ಮೀ. ಮತ್ತು 70 ಮಿ.ಮೀ. ಹಳೇ ಬಂದೂಕು ಬಹಳಷ್ಟು 65ರವು. ಮೋಸ ಏನಪ್ಪಾ ಅಂದ್ರೆ, ಡಬ್ಬಿ ಮೇಲೆ ಬರೆದದ್ದು ಹಾರಿಸಿದ ಮೇಲಿನ ಉದ್ದ. ಬಾಯಿ ಮಡಚಿದಾಗ ಗಿಡ್ಡ ಇರೋದರಿಂದ 70ರದು 65ರ ಬಂದೂಕಿನೊಳಗೆ ಸಲೀಸಾಗಿ ಕೂಡ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆ ಒಡೆದರೆ ಮೊದಲು ಹೋಗೋದು ಅದರ ಕೆಳಗೆ ಹಿಡಿದ ಕೈ. ಉಲ್ಟಾ, 65ರದನ್ನು 70ರಲ್ಲಿ ಹಾಕಬಹುದು. ಛರ್ರಾ ನಂಬರ್ ಬೇರೆಯಾದರೂ ಅಡ್ಡಿಯಿಲ್ಲ. ನಳಿಗೆ ಬಿಚ್ಚಿ ಅಡಿಭಾಗ ನೋಡಿದರೆ 65, 70 ಇಲ್ಲವೇ ಇಂಚಿನಲ್ಲಿ 2½, 2¾ ಅಂತ ಕೊರೆದಿರ್ತದೆ. ಏನೂ ಕಾಣದಿದ್ದರೆ ಹಾರಿಸಬೇಡಿ. ನಳಿಗೆ ಮೇಲೆ ಅಲೆಯಂಥ ಗೆರೆಗಳಿದ್ದರೆ ಅದು ಕರಿಮದ್ದಿನ ಕಾಲದ್ದಿರಬಹುದು. ಈಗಿನ ಮದ್ದು ಅದಕ್ಕಲ್ಲ. ಗೋಡೆ ಮೇಲಿದ್ದರೇ ಚೆಂದ.

20 ಬೋರ್ ಇನ್ನೂ ಕೆಟ್ಟದ್ದು. ನಂಬರ್ ದೊಡ್ಡದಾದರೂ ಕಾರ್ತೂಸು ಸಣ್ಣದು. ಅದನ್ನು 12 ಬೋರ್‌ಗೆ ಹಾಕಿದರೆ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿ ಇದೆ ಅಂತ ಹಿಂದಿನಿಂದ 12ರದು ಹಾಕಿ ಕುದುರೆ ಎಳೆದರೆ ಮುಗೀತು. ಅದಕ್ಕೇ 20 ಬೋರ್‌ಗೆ ಹಳದಿ ಬಣ್ಣ ಕೊಡ್ತಾರೆ.

ಪಾಯಿಂಟ್ 32ರಲ್ಲೂ ಇದೇ ಗೊಂದಲ. ಪಿಸ್ತೂಲಿನ ಗುಂಡಿನ ಕೇಸು 17 ಮಿ.ಮೀ., ರಿವಾಲ್ವರ್‌ದು 23 ಮಿ.ಮೀ. "32ರ ಗುಂಡು ಕೊಡಿ" ಅಂದರೆ ಸಾಲದು. ಪಿಸ್ತೂಲಿಗಾದರೆ ಎಸಿಪಿ, ರಿವಾಲ್ವರ್‌ಗಾದರೆ ಎಸ್ ಆ್ಯಂಡ್ ಡಬ್ಲ್ಯು ಲಾಂಗ್, ಪೂರಾ ಹೆಸರು ಹೇಳಿ.

ಔರಾದ್ ಕಡೆ ಹಂದಿ ಕಾಟಕ್ಕೆ ಬೆಳೆ ಕಾಯೋರು "ಎರಡು ಕಾರ್ತೂಸು ಕೊಡೋ ತಮ್ಮಾ" ಅಂತ ಪಕ್ಕದ ಹೊಲದವರನ್ನು ಕೇಳೋದುಂಟು. ಉದ್ದ ಗೊತ್ತಿಲ್ಲದ ಕಾರ್ತೂಸು ಕೈಗೆ ಬರೋದು ಹೀಗೇ. ಶಸ್ತ್ರಾಸ್ತ್ರ ಕಾಯ್ದೆ 1959ರ ಪ್ರಕಾರ ಬರೀ ಕಾರ್ತೂಸು ಇಟ್ಟುಕೊಳ್ಳೋದಕ್ಕೂ ಲೈಸೆನ್ಸ್ ಬೇಕು, ಅದೂ ಅದರಲ್ಲಿ ಬರೆದ ಬೋರ್‌ನದೇ. ಇನ್ನು ಕೃಷ್ಣಮೃಗ ತೊಗರಿ ತಿಂದರೂ ಅದರ ಮೇಲೆ ಗುಂಡು ಹಾರಿಸಿದರೆ ವನ್ಯಜೀವಿ ಕಾಯ್ದೆಯ ಕೇಸು ಬೇರೆ.

ಹಾರಿಸಿದಾಗ ಸದ್ದು ಠುಸ್ ಅಂದರೆ ಎರಡನೇದು ಹಾಕಬೇಡಿ. ಅರ್ಧ ನಿಮಿಷ ಖಾಲಿ ದಿಕ್ಕಿಗೆ ಹಿಡಿದು, ಆಮೇಲೆ ಬಂದೂಕು ಮುರಿದು ಕಾರ್ತೂಸು ತೆಗೆದು, ಹಿಂದಿನಿಂದ ನಳಿಗೆಯಲ್ಲಿ ಬೆಳಕು ಕಾಣ್ತದಾ ನೋಡಿ. ಭಾಲ್ಕಿಯವರ ಬಂದೂಕಿನ ಅಡಿಯಲ್ಲಿ 2½ ಅಂತಿತ್ತು. ಒಂದು ಡಬ್ಬಿ 70ರದು.