ಯಾರ ನೆನಪಿನ ಕಡಲು?

1971ರ ನವೆಂಬರ್ 6ರಂದು ಅಮೆರಿಕ ತನ್ನ ಅತಿ ದೊಡ್ಡ ಭೂಗತ ಅಣುಪರೀಕ್ಷೆ ನಡೆಸಿತು. ಜಾಗ, ಅಲಾಸ್ಕದ ಅಲ್ಯೂಷನ್ ದ್ವೀಪಸಾಲಿನ ಅಮ್‌ಚಿಟ್ಕ. ಸುಮಾರು ಐದು ಮೆಗಾಟನ್ನಿನ ಆ ಸ್ಫೋಟಕ್ಕೆ ನೂರಾರು ಕಡಲ ನೀರುನಾಯಿಗಳು ಸತ್ತವು. ಪರೀಕ್ಷೆ ತಡೆಯಲೆಂದು ವ್ಯಾಂಕೂವರಿನಿಂದ ಮೀನುದೋಣಿ ಹತ್ತಿ ಹೊರಟವರು ಮುಂದೆ ಗ್ರೀನ್‌ಪೀಸ್ ಕಟ್ಟಿದರು, ಆ ಕಥೆ ಪ್ರಸಿದ್ಧ. ಅಷ್ಟಾಗಿ ಯಾರೂ ಹೇಳದ ಸಂಗತಿಯೆಂದರೆ, ಬಾಂಬಿಗೆ ಮೊದಲೇ ಅಣುಶಕ್ತಿ ಆಯೋಗದ ನೆರವಿನಿಂದ ಆ ದ್ವೀಪದ ನೀರುನಾಯಿಗಳನ್ನು ಹಿಡಿದು, ಅವುಗಳ ಸಂತತಿ ಎಂದೋ ಅಳಿದಿದ್ದ ಬೇರೆ ತೀರಗಳಿಗೆ ಸಾಗಿಸಲಾಗಿತ್ತು. ಆಗ್ನೇಯ ಅಲಾಸ್ಕಕ್ಕೆ ಹೋದವು ಸುಮಾರು 400. ಇಂದು ಅಲ್ಲಿ ಅವುಗಳ ಸಂಖ್ಯೆ 20,000 ದಾಟಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ, ಅಲಾಸ್ಕದ ಬೇರೆ ಕಡೆಯವೂ ಸೇರಿ, ಹೋದವು 89. ಅಲ್ಲೂ ಈಗ ಸಾವಿರಗಟ್ಟಲೆ ಇವೆ. ಕೊಲ್ಲಲು ಬಂದವರ ಕೈಯಿಂದಲೇ ಇಂಥ ಉಪಕಾರವೂ ಆಗಿಹೋಯಿತು.

ನಮ್ಮ ಕಬಿನಿ ಹಿನ್ನೀರಿನಲ್ಲಿ, ತುಂಗಭದ್ರೆಯ ಬಂಡೆಗಳ ನಡುವೆ ಕಾಣುವ ನೀರುನಾಯಿಗೆ ಈ ಪ್ರಾಣಿ ಹತ್ತಿರದ ನೆಂಟ. ಆದರೆ ಇದು ತಿನ್ನುವುದು, ಮಲಗುವುದು, ಮರಿ ಸಾಕುವುದು ಎಲ್ಲ ಪೆಸಿಫಿಕ್ಕಿನ ಕೊರೆಯುವ ನೀರಿನಲ್ಲಿ. ಸೀಲ್, ತಿಮಿಂಗಿಲಗಳಿಗಿರುವ ಕೊಬ್ಬಿನ ಪದರ ಇದಕ್ಕಿಲ್ಲ. ಚಳಿಗೆ ಅಡ್ಡ ನಿಲ್ಲುವುದು ತುಪ್ಪಳ ಮಾತ್ರ, ಚದರ ಅಂಗುಲಕ್ಕೆ ಹತ್ತು ಲಕ್ಷದವರೆಗೂ ಕೂದಲು. ಜೊತೆಗೆ ಮೈ ಕಾಯಿಸಿಕೊಳ್ಳಲು ದಿನಾ ತನ್ನ ತೂಕದ ಹೆಚ್ಚುಕಡಿಮೆ ಕಾಲುಭಾಗದಷ್ಟು ತಿನ್ನಬೇಕು. ತುಪ್ಪಳ ಬೇಟೆಗಾರರನ್ನು ಕರೆತಂದಿತು, ಹಸಿವು ಮೀನುಗಾರರ ಜಗಳ ತಂದಿತು. ಈ ಪ್ರಾಣಿಯ ಚರಿತ್ರೆ ಇಷ್ಟೇ ಎನ್ನಬಹುದು.

ಬೇಟೆಯ ಕಥೆ ಶುರುವಾಗುವುದು 1741ರಲ್ಲಿ. ರಷ್ಯಕ್ಕಾಗಿ ಹೊಸ ನೆಲ ಹುಡುಕಲು ಹೊರಟಿದ್ದ ವಿಟಸ್ ಬೇರಿಂಗನ ಹಡಗು ಒಡೆದು, ಈಗ ಅವನ ಹೆಸರನ್ನೇ ಹೊತ್ತಿರುವ ದ್ವೀಪದಲ್ಲಿ ನಾವಿಕರು ಚಳಿಗಾಲ ಕಳೆಯಬೇಕಾಯಿತು. ಬೇರಿಂಗ್ ಅಲ್ಲೇ ತೀರಿಕೊಂಡ. ಉಳಿದವರು ನೀರುನಾಯಿಯ ಮಾಂಸ ತಿಂದು ಜೀವ ಹಿಡಿದು, ಮರುವರ್ಷ ನೂರಾರು ಚರ್ಮಗಳೊಂದಿಗೆ ಕಮ್‌ಚಟ್ಕ ತಲುಪಿದರು. ಚೀನಾದ ಸಿರಿವಂತರು ಆ ಚರ್ಮಕ್ಕೆ ಕೊಡುತ್ತಿದ್ದ ಬೆಲೆ ಕಂಡ ರಷ್ಯದ ವ್ಯಾಪಾರಿಗಳು ದ್ವೀಪದಿಂದ ದ್ವೀಪಕ್ಕೆ ನುಗ್ಗಿದರು. ಅವರು ತಾವಾಗಿ ನೀರಿಗಿಳಿದದ್ದು ಕಡಿಮೆ. ದ್ವೀಪಗಳ ಮೂಲನಿವಾಸಿಗಳಾದ ಅಲ್ಯೂಟ್ ಕುಟುಂಬಗಳನ್ನು ಒತ್ತೆಯಿಟ್ಟುಕೊಂಡು ಗಂಡಸರನ್ನು ತೊಗಲಿನ ದೋಣಿಗಳಲ್ಲಿ ಬೇಟೆಗೆ ಅಟ್ಟಿದರು. ನೀರುನಾಯಿಯ ಜೊತೆ ಒಂದು ಜನಾಂಗವೂ ಸವೆಯಿತು. 1911ರಲ್ಲಿ ಅಮೆರಿಕ, ಬ್ರಿಟನ್, ರಷ್ಯ, ಜಪಾನ್ ಸೇರಿ ಸಹಿ ಹಾಕಿದ ಒಪ್ಪಂದ ಮುಖ್ಯವಾಗಿ ತುಪ್ಪಳದ ಸೀಲ್‌ಗಳ ಸಲುವಾಗಿತ್ತು, ನೀರುನಾಯಿಗೆ ಅದರಲ್ಲೊಂದು ವಿಧಿ ದಕ್ಕಿತು. ಆ ಹೊತ್ತಿಗೆ ಜಗತ್ತಿನಲ್ಲೇ ಉಳಿದಿದ್ದವು ಒಂದೆರಡು ಸಾವಿರ. ಕ್ಯಾಲಿಫೋರ್ನಿಯಾದಲ್ಲಂತೂ ನಿರ್ನಾಮವಾದವು ಎಂದೇ ಎಲ್ಲರೂ ತಿಳಿದಿದ್ದರು. ಬಿಗ್ ಸರ್‌ನ ಕಡಿದಾದ ತೀರದಲ್ಲಿ ಸಣ್ಣದೊಂದು ಗುಂಪು ಬದುಕಿದೆ ಎಂಬುದು ಹೊರಗೆ ಗೊತ್ತಾದದ್ದು 1938ರಲ್ಲಿ, ಅಲ್ಲಿ ಹೆದ್ದಾರಿ ತೆರೆದ ಮರುವರ್ಷ.

ಇವು ಇಲ್ಲದೆ ಕಡಲು ಏನಾಗಿತ್ತು ಎಂಬುದನ್ನು ತೋರಿಸಿಕೊಟ್ಟದ್ದೂ ಅಮ್‌ಚಿಟ್ಕವೇ. ಅಣು ಆಯೋಗದ ಹಣದಲ್ಲೇ ಅಲ್ಲಿಗೆ ಬಂದಿದ್ದ ಜೇಮ್ಸ್ ಎಸ್ಟಿಸ್ ಎಂಬ ಯುವಕ, ನೀರುನಾಯಿಗಳಿರುವ ಈ ದ್ವೀಪವನ್ನೂ ಅವು ಇಲ್ಲದ ಶೆಮ್ಯ ದ್ವೀಪವನ್ನೂ ಮುಳುಗಿ ನೋಡಿದರು. ಇಲ್ಲಿ ಕೆಲ್ಪ್ ಎಂಬ ದೈತ್ಯ ಪಾಚಿಯ ಕಾಡು, ಅದರ ನೆರಳಿನಲ್ಲಿ ಮೀನು. ಅಲ್ಲಿ ಬರೀ ಬಂಡೆ, ಬಂಡೆಯ ಮೇಲೆ ಹಾಸಿದಂತೆ ಸೀ ಅರ್ಚಿನ್‌ಗಳು. ಮೈಯೆಲ್ಲ ಮುಳ್ಳಿರುವ ಈ ಅರ್ಚಿನ್‌ಗಳು ಕೆಲ್ಪನ್ನು ಬುಡಸಮೇತ ಮೇಯುತ್ತವೆ, ನೀರುನಾಯಿ ಅರ್ಚಿನ್‌ಗಳನ್ನು ತಿನ್ನುತ್ತದೆ. 1974ರಲ್ಲಿ ಎಸ್ಟಿಸ್ ಮತ್ತು ಜಾನ್ ಪಾಲ್ಮಿಸಾನೊ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಈ ವಿಚಾರ ಈಗ ಶಾಲಾ ಪಠ್ಯಕ್ಕೂ ಇಳಿದಿದೆ. ಪಠ್ಯಕ್ಕಿಳಿದದ್ದು ಸರಳವಾಗಿಬಿಡುತ್ತದೆ ಎಂಬುದೊಂದು ತೊಂದರೆ.

ಏಕೆಂದರೆ ನೀರುನಾಯಿ ತಿನ್ನುವುದು ಅರ್ಚಿನ್ ಒಂದನ್ನೇ ಅಲ್ಲ. ಏಡಿ, ಚಿಪ್ಪುಜೀವಿಗಳು, ಅಬಲೋನ್ ಎಂಬ ದೊಡ್ಡ ಕಡಲ ಬಸವನಹುಳು ಎಲ್ಲವೂ ಅದರ ಊಟ. ಹತ್ತೊಂಬತ್ತನೆಯ ಶತಮಾನದಲ್ಲಿ ಚೀನೀಯರು, ಆಮೇಲೆ ಜಪಾನಿನ ಮುಳುಗುಗಾರರು ಕ್ಯಾಲಿಫೋರ್ನಿಯಾದಲ್ಲಿ ಅಬಲೋನ್ ಉದ್ಯಮ ಕಟ್ಟಿದ್ದು ನೀರುನಾಯಿ ಖಾಲಿಯಾದ ಕಡಲಿನಲ್ಲಿ. ಬಂಡೆಯ ಬಿರುಕಿನಲ್ಲಿ ಅಡಗಿರಬೇಕಾದ ಅಬಲೋನ್ ಬಯಲಿಗೆ ಬಂದು ರಾಶಿಬಿದ್ದಿತ್ತು. ಮೂರ್ನಾಲ್ಕು ತಲೆಮಾರು ಆ ಸಮೃದ್ಧಿಯನ್ನೇ ಸಹಜವೆಂದು ನೋಡಿತು. ನೀರುನಾಯಿ ಮೆಲ್ಲಗೆ ಮರಳಿ ಬಂದಾಗ ಅದು ಕಳ್ಳನಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ಮೀನುಗಾರರ ನೆನಪು ಸುಳ್ಳು, ವಿಜ್ಞಾನಿಯ ಕಡಲೇ ನಿಜ ಎನ್ನಲೂ ಬರುವುದಿಲ್ಲ. ತುಪ್ಪಳದ ವ್ಯಾಪಾರಕ್ಕೆ ಬಹಳ ಹಿಂದೆಯೇ ಆ ತೀರದ ಮೂಲನಿವಾಸಿಗಳು ತಮ್ಮ ಹಳ್ಳಿಗಳ ಹತ್ತಿರ ನೀರುನಾಯಿ ಬೇಟೆಯಾಡಿ ಚಿಪ್ಪುಜೀವಿಗಳನ್ನು ಕಾಪಾಡಿಕೊಂಡಿದ್ದರು ಎನ್ನಲು ಪುರಾತತ್ವದ ಕುರುಹುಗಳಿವೆ. ಮನುಷ್ಯನ ಕೈ ಸೋಕದ ಕಡಲು ಅಲ್ಲಿ ಸಾವಿರಾರು ವರ್ಷಗಳಿಂದ ಇರಲೇ ಇಲ್ಲ.

ಸರ್ಕಾರ ಈ ಜಗಳ ಬಿಡಿಸಲು ನಕ್ಷೆಯ ಮೇಲೆ ಗೆರೆ ಎಳೆಯಿತು. 1977ರಲ್ಲಿ ಕ್ಯಾಲಿಫೋರ್ನಿಯಾದ ನೀರುನಾಯಿಗೆ ಕಾಯಿದೆಯ ರಕ್ಷಣೆ ಸಿಕ್ಕಿತ್ತು. ಒಂದೇ ಒಂದು ತೈಲದ ಹಡಗು ಒಡೆದರೆ ಇಡೀ ಸಂತತಿ ಮುಗಿದೀತು ಎಂಬ ಭಯದಿಂದ 1987ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಯಾನ್ ನಿಕೊಲಸ್ ದ್ವೀಪಕ್ಕೆ ನೀರುನಾಯಿಗಳನ್ನು ಒಯ್ಯಲು ಶುರುಮಾಡಿದರು. ತುಪ್ಪಳಕ್ಕೆ ಎಣ್ಣೆ ಅಂಟಿದರೆ ಅದು ಚಳಿ ತಡೆಯುವುದಿಲ್ಲ. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಅಲಾಸ್ಕದಲ್ಲಿ ಅದನ್ನು ಸಾಬೀತು ಮಾಡಿತು. ಆದರೆ ದ್ವೀಪದ ಯೋಜನೆಗೆ ಪ್ರತಿಯಾಗಿ ಮೀನುಗಾರರಿಗೆ ಒಂದು ಮಾತು ಕೊಡಲಾಗಿತ್ತು: ಪಾಯಿಂಟ್ ಕನ್ಸೆಪ್ಷನ್ ಎಂಬ ಭೂಶಿರದ ದಕ್ಷಿಣಕ್ಕೆ, ಆ ದ್ವೀಪ ಬಿಟ್ಟು, ಬೇರೆಲ್ಲೂ ನೀರುನಾಯಿ ಇರಕೂಡದು. ಒಯ್ದ 140ರಲ್ಲಿ ಬಹುಪಾಲು ದ್ವೀಪದಲ್ಲಿ ನಿಲ್ಲಲಿಲ್ಲ. ಎಷ್ಟೋ ಈಜಿಕೊಂಡೇ ಹಳೆಯ ತೀರಕ್ಕೆ ವಾಪಸಾದವು. ಗೆರೆ ದಾಟಿದವನ್ನು ಹಿಡಿದು ಹಿಡಿದು ಅಧಿಕಾರಿಗಳು ಸೋತರು. 2012ರಲ್ಲಿ ಆ ನಿಯಮವನ್ನೇ ಕೈಬಿಟ್ಟರು.

ಲಾಭನಷ್ಟದ ಲೆಕ್ಕವೂ ಆಗಿದೆ. ಬ್ರಿಟಿಷ್ ಕೊಲಂಬಿಯಾದ ತೀರದ ಬಗ್ಗೆ 2020ರಲ್ಲಿ ಬಂದ ಅಧ್ಯಯನದ ಪ್ರಕಾರ, ನೀರುನಾಯಿಯಿಂದ ಚಿಪ್ಪುಜೀವಿ ಮತ್ತು ಏಡಿಯ ಉದ್ಯಮಕ್ಕೆ ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್ ನಷ್ಟ. ಪ್ರವಾಸೋದ್ಯಮ, ಹೆಚ್ಚುವ ಮೀನು, ಕೆಲ್ಪ್ ಹಿಡಿದಿಡುವ ಇಂಗಾಲ ಎಲ್ಲ ಸೇರಿ ಲಾಭ 5 ಕೋಟಿ ಡಾಲರಿಗೂ ಮಿಗಿಲು. ಪರಿಸರವಾದಿಗಳು ಈ ಅಂಕಿಯನ್ನು ಎತ್ತಿ ಹಿಡಿದು ಮಾತು ಮುಗಿಸುತ್ತಾರೆ. ನನಗೆ ಮಾತು ಅಲ್ಲೇ ಶುರುವಾಗುತ್ತದೆ. ಲಾಭ ಬೀಳುವುದು ಪ್ರವಾಸಿ ದೋಣಿಯವನ ಜೇಬಿಗೆ. ನಷ್ಟ ತಟ್ಟುವುದು ಚಿಪ್ಪು ಹೆಕ್ಕಿ ಮನೆಗೆ ಒಯ್ಯುವ, ಆ ತೀರದ ಮೂಲನಿವಾಸಿ ನೂಚಾನುಲ್ತ್ ಹೆಂಗಸಿನ ಒಲೆಗೆ. ಅಲಾಸ್ಕದಿಂದ ನೀರುನಾಯಿಗಳನ್ನು ತಂದು ಅವರ ನೀರಿಗೆ ಬಿಡುವಾಗ ಆ ಜನರನ್ನು ಯಾರೂ ಕೇಳಿರಲಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗೆ ಮೀಸಲಿಟ್ಟ ನಮಗೂ, ಬಲೆ ಹರಿಸಿಕೊಂಡ ಮೀನುಗಾರನ ಜೊತೆ ಕೂತು ಮಾತಾಡುವ ಕೆಲಸ ಇದ್ದೇ ಇದೆ.

ಇತ್ತ ಕ್ಯಾಲಿಫೋರ್ನಿಯಾದಲ್ಲಿ ಸಂಖ್ಯೆ 3,000ದ ಆಸುಪಾಸಿನಲ್ಲೇ ನಿಂತಿದೆ. ಈಗ ಬೇಟೆಗಾರರ ಭಯವಿಲ್ಲ. ಬೆಕ್ಕಿನ ಮಲದಲ್ಲಿರುವ ಟಾಕ್ಸೋಪ್ಲಾಸ್ಮ ಎಂಬ ಪರಾವಲಂಬಿ ಮಳೆನೀರಿನೊಂದಿಗೆ ಕಡಲು ಸೇರಿ ಅವುಗಳ ಮಿದುಳಿಗೆ ಹೊಕ್ಕು ಕೊಲ್ಲುತ್ತದೆ. ತೀರದ ಎರಡೂ ತುದಿಯಲ್ಲಿ ಬಿಳಿ ಶಾರ್ಕ್ ಕಚ್ಚಿ ಬಿಡುತ್ತದೆ, ತಿನ್ನುವುದಿಲ್ಲ. ಕಚ್ಚಿದ್ದೇ ಸಾವಿಗೆ ಸಾಕು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಅರ್ಚಿನ್ ತಿನ್ನುವ ನಕ್ಷತ್ರಮೀನುಗಳು ರೋಗಕ್ಕೆ ಸತ್ತು, ಬೆನ್ನಿಗೇ ಕಡಲು ಬಿಸಿಯೇರಿ, ಅರ್ಚಿನ್‌ಗಳು ಮಿತಿಮೀರಿ, ಕೆಲ್ಪ್ ಕಾಡಿನ ಶೇ 90ಕ್ಕೂ ಹೆಚ್ಚು ಹೋಯಿತು. ಕೆಲ್ಪಿಲ್ಲದ ಕಡೆ ನೀರುನಾಯಿಗೆ ಮರೆಯಿಲ್ಲ. ನೀರುನಾಯಿ ಇಲ್ಲದ ಕಡೆ ಕೆಲ್ಪಿಗೆ ಕಾವಲಿಲ್ಲ. 2018ರಲ್ಲಿ ಅಲ್ಲಿ ಹವ್ಯಾಸಿಗಳ ಅಬಲೋನ್ ಹಿಡಿಯುವಿಕೆಯನ್ನೂ ನಿಲ್ಲಿಸಬೇಕಾಯಿತು, ಅದೂ ನೀರುನಾಯಿ ಒಂದೂ ನೆಲೆಸಿರದ ತೀರದಲ್ಲಿ! ಅವೇ ಅಬಲೋನಿನ ಶತ್ರು ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಉತ್ತರ ಕ್ಯಾಲಿಫೋರ್ನಿಯಾ ಮತ್ತು ಆರೆಗನ್ ತೀರಕ್ಕೆ ಇವುಗಳನ್ನು ಮರಳಿ ತರುವುದು ಸಾಧ್ಯ ಎಂದು 2022ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ವರದಿ ಕೊಟ್ಟಿದೆ. ತರಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಮೊದಲ ಪಂಜರ ತೆರೆಯುವ ಮುನ್ನ ಎರಡು ಕೆಲಸ ಆಗಲಿ: ಏಡಿ, ಅರ್ಚಿನ್ ಹಿಡಿದು ಬದುಕುವವರ ನಷ್ಟಕ್ಕೆ ಹಣ ಎಲ್ಲಿಂದ ಎಂದು ಬರಹದಲ್ಲಿ ನಿಕ್ಕಿಯಾಗಲಿ, ತೀರದ ಬುಡಕಟ್ಟುಗಳ ಒಪ್ಪಿಗೆ ಸಿಗಲಿ. ಆರೆಗನ್‌ಗೆ 1970-71ರಲ್ಲಿ ತೊಂಬತ್ತಕ್ಕೂ ಹೆಚ್ಚು ನೀರುನಾಯಿಗಳನ್ನು ತಂದು ಬಿಟ್ಟಿದ್ದರು. ಹತ್ತು ಹನ್ನೆರಡು ವರ್ಷಗಳಲ್ಲಿ ಅಲ್ಲಿ ಒಂದೂ ಉಳಿಯಲಿಲ್ಲ.