ಫಾದರ್ ಪಿತೃವಿನ ಮಗನಲ್ಲ

ನಮ್ಮ ಸಭೆಗಳಲ್ಲಿ ಭಾಷೆಯ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ: ‘ಇಂಗ್ಲಿಷಿನ ಫಾದರ್ ಹುಟ್ಟಿದ್ದೇ ನಮ್ಮ ಪಿತೃ ಶಬ್ದದಿಂದ.’ ಚಪ್ಪಾಳೆಯೂ ತಪ್ಪದು. ಮೊನ್ನೆ ಸಮಾರಂಭವೊಂದರಲ್ಲಿ ಇದನ್ನು ಕೇಳಿ ನಾನು ಕೈತಟ್ಟದೆ ಕುಳಿತೆ. ಪಕ್ಕದ ಹಿರಿಯರು, ‘ಯಾಕ್ರೀ, ಅಭಿಮಾನವಿಲ್ಲವೆ ನಿಮಗೆ?’ ಎಂದರು. ಇದೆ. ಅದಕ್ಕೇ ಈ ಜಗಳ.

ಭಾಷಣಕಾರರು ಸರ್ ವಿಲಿಯಂ ಜೋನ್ಸನನ್ನು ಸಾಕ್ಷಿಗೆ ಕರೆದಿದ್ದರು. ಆಗಲಿ, ಹೇಳಿಕೆಯನ್ನು ಪೂರ್ತಿ ಕೇಳೋಣ. 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಆತ ಸಂಸ್ಕೃತವನ್ನು ಬಾಯ್ತುಂಬ ಹೊಗಳಿದ್ದು ನಿಜ. ಆದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹೊರಟಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಎಂದವನೂ ಆತನೇ. ಹೊಗಳಿಕೆಯನ್ನು ಜೇಬಿಗಿಳಿಸಿ ತೀರ್ಮಾನವನ್ನು ಬಿಸುಡುವುದು ವಕೀಲಿ, ವಿದ್ಯೆಯಲ್ಲ.

ಶಬ್ದವನ್ನೇ ವಿಚಾರಿಸಿ. ಲ್ಯಾಟಿನ್ನಿನ ಪತೆರ್, ಗ್ರೀಕಿನ ಪತೇರ್, ಗಾಥಿಕ್ ಭಾಷೆಯ ಫದರ್: ಮೊದಲಲ್ಲಿರುವುದು ಅಕಾರ. ಇಕಾರವಿರುವುದು ಸಂಸ್ಕೃತದಲ್ಲಿ ಮತ್ತು ಅದರ ಇರಾನೀ ಬಂಧುಗಳಲ್ಲಿ. ಪಿತೃವೇ ಇವರೆಲ್ಲರ ಜನಕನಾಗಿದ್ದರೆ ಅಷ್ಟು ಮಕ್ಕಳೂ ಇಕಾರವನ್ನು ಕಳೆದುಕೊಂಡದ್ದು ಹೇಗೆ? ಇಕಾರ ಅವರ ನಾಲಗೆಗೆ ಹೊರಳದೆಂದೇನಲ್ಲ. ನಮ್ಮ ‘ವಿಧವಾ’ ಶಬ್ದದ ಇಕಾರ ಲ್ಯಾಟಿನ್ನಿನ ವಿದುವಾದಲ್ಲಿ, ಇಂಗ್ಲಿಷಿನ ವಿಡೋದಲ್ಲಿ ಭದ್ರವಾಗಿ ಕುಳಿತಿದೆ! ಹಾಗಾದರೆ ಮೂಲದಲ್ಲಿ ಬೇರೆ ಬೇರೆಯಾಗಿದ್ದ ಎರಡು ಸ್ವರಗಳು ಸಂಸ್ಕೃತದಲ್ಲಿ ಒಂದಾದುವೆನ್ನಬೇಕು. ಈ ಶಬ್ದದಲ್ಲಿ ಬದಲಾದದ್ದು ನಮ್ಮ ಕಡೆಯ ಸ್ವರ. ಪಿತೃವೂ ಫಾದರೂ ತಂದೆ-ಮಕ್ಕಳಲ್ಲ, ದಾಯಾದಿಗಳು. ಶಬ್ದವನ್ನು ಎಳೆಎಳೆಯಾಗಿ ಬಿಡಿಸಿ ನೋಡಿದ ಪಾಣಿನಿಯ ನಾಡಿನಲ್ಲಿ, ಕಿವಿಗೆ ಹೋಲಿದ್ದೇ ಪ್ರಮಾಣವಾದರೆ ನನಗೆ ನಾಚಿಕೆಯಾಗುತ್ತದೆ. (ಫಾದರಿನ ನಡುವಣ ಧ್ವನಿ ನಮ್ಮ ತಕಾರಕ್ಕೆ ಸಮೀಪವೆಂದು ಹಿಗ್ಗುವವರಿದ್ದಾರೆ. ಹಳೆಯ ಇಂಗ್ಲಿಷಿನಲ್ಲಿ ಅಲ್ಲಿದ್ದದ್ದು ಡಕಾರ.)

ಇನ್ನು ಪಕಾರ. ಅದು ಜರ್ಮನಿಕ್ ಭಾಷೆಗಳಲ್ಲಿ ಫಕಾರವಾಗುವ ನಿಯಮವನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ. ನಮ್ಮ ಪಾದಕ್ಕೆ ಅವರ ಫುಟ್, ಪೂರ್ಣಕ್ಕೆ ಫುಲ್, ಪಂಚಕ್ಕೆ ಫೈವ್. ಕನ್ನಡಿಗರಿಗೆ ಇದೇನೂ ಸೋಜಿಗವಲ್ಲ. ನಮ್ಮ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ತಮಿಳರು ಇಂದಿಗೂ ಪಾಲ್ ಎನ್ನುತ್ತಾರೆ, ಪುಲಿ ಎನ್ನುತ್ತಾರೆ. ಅಷ್ಟರಿಂದ ನಮ್ಮ ಹಾಲು ತಮಿಳಿನ ಮಗುವಾಯಿತೆ? ಇಲ್ಲ, ಎರಡಕ್ಕೂ ಹಿಂದೆ ಮೂಲವೊಂದಿತ್ತು. 2025ರಲ್ಲಿ ಚಿತ್ರನಟರೊಬ್ಬರು ಕನ್ನಡ ತಮಿಳಿನಿಂದ ಹುಟ್ಟಿತೆಂದಾಗ ನಾವೆಲ್ಲ ಕೆರಳಿ, ‘ತಾಯಿ-ಮಗಳಲ್ಲ, ಅಕ್ಕತಂಗಿಯರು’ ಎಂದು ಸಾರಿದೆವು. ಸರಿಯಾಗಿಯೇ ಸಾರಿದೆವು. ಅಂದು ಎಲ್ಲರಿಗಿಂತ ಗಟ್ಟಿಯಾಗಿ ಸಾರಿದವರು ಮೊನ್ನೆಯ ಈ ಭಾಷಣಕಾರರೇ.