ಎಣ್ಣೆ ನಮ್ಮದು, ಲೇಬಲ್ ಯಾರದು?

ತಿಪಟೂರು ಎಪಿಎಂಸಿಯಲ್ಲಿ ಇವತ್ತು ಕೊಬ್ಬರಿ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸುವ ಮನೆಗಳಲ್ಲೇ ಈಗ ಇನ್ನೊಂದು ಮಾತೂ ಕೇಳಿಬರುತ್ತಿದೆ. ಕಾಯಿ, ಕೊಬ್ಬರಿ ಹಾಗೇ ಮಾರುವ ಬದಲು ಎಣ್ಣೆಯನ್ನೋ ಪುಡಿಯನ್ನೋ ಮಾಡಿ ನಮ್ಮ ಹೆಸರಲ್ಲೇ ಮಾರಿದರೆ ಹೇಗೆ? ಒಳ್ಳೆಯ ಯೋಚನೆ. ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯಿ ಕಾದವರಿಗೆ ಬಾಟಲಿಯ ಲಾಭವೂ ಸಿಗಲಿ.

ಬಾಟಲಿಗೆ ಹೆಸರು ಬೇಕು, ಚಿತ್ರ ಬೇಕು. ಮೊದಲೆಲ್ಲ ಪ್ರೆಸ್‌ನವರೋ ಡಿಟಿಪಿ ಹುಡುಗರೋ ಮಾಡಿಕೊಡುತ್ತಿದ್ದ ಕೆಲಸವನ್ನು ಈಗ ಮೊಬೈಲಿನಲ್ಲಿ ಎಐ ಕ್ಷಣದಲ್ಲಿ ಮಾಡುತ್ತದೆ, ಅದೂ ಪುಕ್ಕಟೆ. ನನ್ನ ಆತಂಕವಿರುವುದು ಇಲ್ಲೇ. ಈ ಯಂತ್ರ ಕಲಿತದ್ದು ಅಂತರ್ಜಾಲದಲ್ಲಿ ಆಗಲೇ ಇದ್ದ ಕೋಟ್ಯಂತರ ಚಿತ್ರಗಳಿಂದ. ಕೊಬ್ಬರಿ ಎಣ್ಣೆಯ ಬಾಟಲಿ ಎಂದರೆ ಅದು ಅತಿ ಹೆಚ್ಚು ಸಲ ಕಂಡ ನೋಟದ ಕಡೆಗೇ ವಾಲುತ್ತದೆ: ನೀಲಿ ಬಾಟಲಿ, ಒಡೆದ ಕಾಯಿ, ಪಕ್ಕದಲ್ಲೊಂದು ತೆಂಗಿನ ಮರ. ನಮ್ಮ ದೇಶದಲ್ಲಿ ಆ ನೋಟಕ್ಕೆ ಪ್ಯಾರಾಚೂಟ್ ಎಂದು ಹೆಸರು. ಅದರ ಒಡೆತನದ ಮಾರಿಕೋ ಕಂಪನಿ ತನ್ನ ಬಾಟಲಿಯನ್ನು ಹೋಲುವವರ ಮೇಲೆ ಬಾಂಬೆ ಹೈಕೋರ್ಟಿಗೆ ಹೋದದ್ದಿದೆ.

‘ಎಐ ಮಾಡಿದ್ದು, ನನಗೆ ಗೊತ್ತಿರಲಿಲ್ಲ’ ಎಂದರೆ ನಡೆಯುವುದಿಲ್ಲ. 1999ರ ಟ್ರೇಡ್ ಮಾರ್ಕ್ ಕಾಯ್ದೆ ನೋಡುವುದು ಗ್ರಾಹಕರಿಗೆ ಗೊಂದಲವಾಗುವಷ್ಟು ಹೋಲಿಕೆ ಇದೆಯೇ ಎಂದು. ಕದಿಯುವ ಉದ್ದೇಶ ಇರಲಿಲ್ಲ ಎನ್ನುವುದು ತಡೆಯಾಜ್ಞೆಯಿಂದ ಕಾಪಾಡದು. 2023ರಲ್ಲಿ ಮೈಕ್ರೋಸಾಫ್ಟ್ ತನ್ನ ಎಐಗೆ ಹಣ ಕೊಡುವ ವಾಣಿಜ್ಯ ಗ್ರಾಹಕರ ಮೇಲೆ ಕೃತಿಸ್ವಾಮ್ಯದ ದಾವೆ ಬಿದ್ದರೆ ತಾನೇ ಎದುರಿಸುವುದಾಗಿ ಹೇಳಿತು. ತುರುವೇಕೆರೆಯಲ್ಲಿ ಪುಕ್ಕಟೆ ಆ್ಯಪ್ ಬಳಸುವವರಿಗೆ ಅಂಥ ಆಸರೆಯಿಲ್ಲ. ಮುದ್ರಿಸಿದ ಲೇಬಲ್ಲು, ತುಂಬಿಸಿದ ಬಾಟಲಿ, ಅಂಗಡಿಗೆ ಕಳಿಸಿದ ಸರಕು ಎಲ್ಲವೂ ಅವರ ತಲೆಯ ಮೇಲೇ.

ನಂದಿನಿ ಪ್ರಕರಣವನ್ನು ನೆನೆಯಿರಿ. ಹಾಲು ಮಹಾಮಂಡಳದ ‘ನಂದಿನಿ’ಗೂ ಬೆಂಗಳೂರಿನ ‘ನಂಧಿನಿ ಡಿಲಕ್ಸ್’ ಹೋಟೆಲಿಗೂ ನಡೆದ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2018ರಲ್ಲಿ ಹೋಟೆಲಿನ ಪರವಾಗಿ ತೀರ್ಮಾನವಾಯಿತು. ಹೋಟೆಲಿನವರ ಬಳಿ ಹೇಳಿಕೊಳ್ಳಲು ಚರಿತ್ರೆಯಿತ್ತು: 1989ರಿಂದ ಆ ಹೆಸರಿನಲ್ಲಿ ಮಾಡಿದ ವ್ಯಾಪಾರ, ಹಸುವಿನ ಬದಲು ದೀಪದ ಗುರುತು. ಎಐ ಕೊಟ್ಟ ಮೊದಲ ಚಿತ್ರವನ್ನೇ ಅಂಟಿಸಿದವರು ನ್ಯಾಯಾಲಯದಲ್ಲಿ ಏನು ತೋರಿಸುತ್ತಾರೆ? ಆ ಹೆಸರು, ಆ ಗುರುತು ಏಕೆ ಆರಿಸಿದಿರಿ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರುವುದಿಲ್ಲ.

ಇದೇ ತೊಂದರೆ ತಿರುಗಿಯೂ ಬರುತ್ತದೆ. ನಾಳೆ ಇನ್ಯಾರೋ ನಿಮ್ಮ ಲೇಬಲನ್ನು ನಕಲು ಮಾಡಿದರೆ ಆ ಚಿತ್ರ ನಿಮ್ಮದೆಂದು ಸಾಧಿಸುವುದು ಹೇಗೆ? ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿಸಿದರು. ಆಗ ಇಂಥ ಯಂತ್ರಗಳು ಯಾರ ಕಲ್ಪನೆಯಲ್ಲೂ ಇರಲಿಲ್ಲ. ಒಂದು ಸಾಲು ಟೈಪ್ ಮಾಡಿದವನು ಕರ್ತೃವಾಗುತ್ತಾನೆಯೇ ಎಂಬ ವಾದಕ್ಕೆ ಸಣ್ಣ ಗಾಣದವರು ತಮ್ಮ ಬಂಡವಾಳ ಪಣಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ.  

ಎಐ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಪತ್ರ ಬರೆಯಲಿ, ಲೆಕ್ಕ ತಿದ್ದಲಿ. ಹೆಸರು ಮತ್ತು ಗುರುತು ಮಾತ್ರ ಮನುಷ್ಯರಿಂದ ಬರಲಿ. ತಿಪಟೂರಿನಲ್ಲೇ ಇರುವ ಚಿತ್ರಕಾರರೊಬ್ಬರಿಗೆ ಹಣ ಕೊಟ್ಟು ಬರೆಸಿ, ಹಕ್ಕು ನಿಮ್ಮದೆಂದು ಕಾಗದದಲ್ಲಿ ಸಹಿ ಹಾಕಿಸಿ. ನೀಲಿ ಬಾಟಲಿಯೇ ಏಕೆ? ನೀರೆಲ್ಲ ಇಂಗಿ ಗಿಟುಕಾದ ಉಂಡೆ ಕೊಬ್ಬರಿಯಂಥ ಗುರುತು ನಮ್ಮ ಕಣ್ಣೆದುರೇ ಇದೆ. ಮುದ್ರಣಕ್ಕೆ ಮೊದಲು ಟ್ರೇಡ್ ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಹೆಸರು ಹುಡುಕಿ, ಅದಕ್ಕೆ ಶುಲ್ಕವಿಲ್ಲ. ನೋಂದಣಿ ನಡೆಯುವುದು ಸರಕಿನ ವರ್ಗದ ಪ್ರಕಾರ: ಅಡುಗೆ ಎಣ್ಣೆಗೆ 29ನೇ ವರ್ಗ, ತಲೆಗೆ ಹಚ್ಚುವ ಎಣ್ಣೆಗೆ 3ನೇ ವರ್ಗ. ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿಗೆ ವರ್ಗವೊಂದಕ್ಕೆ 4,500 ರೂಪಾಯಿ. ಒಬ್ಬೊಬ್ಬರಿಗೆ ಅದೂ ಭಾರವಾದರೆ ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ರೈತ ಉತ್ಪಾದಕ ಸಂಸ್ಥೆಗಳು ಒಂದೇ ಹೆಸರನ್ನು ನೋಂದಾಯಿಸಿ ಸದಸ್ಯರಿಗೆಲ್ಲ ಬಳಸಲು ಕೊಡಬಹುದು.